ಘಟ್ಟದ ಮೇಲಿನಿಂದ ‘ಚೋಮನ ದುಡಿ’

ಊರು ಬಿಟ್ಟು ಊರಿಗೆ ಹೋಗುವ ಸಂಸಾರದ ಕಥೆ ನಮಗೆ ಹೊಸದಲ್ಲ. ಪಾಂಡವರು ಕಾಡು ಮೇಡು ಅಲೆದರು. ಹರಿಶ್ಚಂದ್ರ ಹೆಂಡತಿ ಮಗನೊಡನೆ ಕಾಶಿಗೆ ನಡೆದ. ಅದರಲ್ಲೂ ಹರಿಶ್ಚಂದ್ರ ನಡೆದದ್ದು ಸಾಲ ತೀರಿಸುವುದಕ್ಕಾಗಿ ಎಂಬುದನ್ನು ಗಮನಿಸಬೇಕು. ಆದರೆ ಅವನು ದೊರೆ. ಕೊಟ್ಟ ಮಾತಿಗಾಗಿ ನಡೆದವನು. ಕೊನೆಗೆ ಕಳೆದುಕೊಂಡದ್ದೆಲ್ಲವನ್ನೂ ಪಡೆದವನು. ಹೊಟ್ಟೆಯ ಪಾಡಿಗಾಗಿ, ತುಂಡು ನೆಲದ ಆಸೆಗಾಗಿ, ಧಣಿಯ ಲೆಕ್ಕದ ಪುಸ್ತಕದ ಭಯಕ್ಕಾಗಿ ಗಂಟುಮೂಟೆ ಕಟ್ಟಿದ ಸಾಮಾನ್ಯರ ಸಂಸಾರ ಗ್ರಂಥಸ್ಥವಾದದ್ದು ತೀರ ಈಚೆಗೆ.

ಇಂಥ ಎರಡು ಸಂಸಾರಗಳು ಹೆಚ್ಚು ಕಡಿಮೆ ಒಂದೇ ಕಾಲದಲ್ಲಿ ಪುಸ್ತಕದ ಪುಟ ಸೇರಿದುವು. ಅಮೆರಿಕದ ಲಾರಾ ಇಂಗಲ್ಸ್ ವೈಲ್ಡರ್ ಎಂಬಾಕೆ ತನ್ನ ಬಾಲ್ಯದ ಕಥಾಮಾಲೆಯ ಮೊದಲ ಪುಸ್ತಕವನ್ನು ಪ್ರಕಟಿಸಿದ್ದು 1932ರಲ್ಲಿ. ಆಗ ಆಕೆಗೆ ಅರವತ್ತೈದು ವರ್ಷ. ಶಿವರಾಮ ಕಾರಂತರ ‘ಚೋಮನ ದುಡಿ’ ಹೊರಬಂದದ್ದು 1933ರಲ್ಲಿ. ಆಗ ಅವರಿಗೆ ಮೂವತ್ತೊಂದು. ಒಬ್ಬರಿಗೊಬ್ಬರ ಹೆಸರೂ ತಿಳಿದಿರಲಾರದು. ಒಂದು ಮಕ್ಕಳಿಗಾಗಿ ಬರೆದದ್ದು, ಇನ್ನೊಂದು ದೊಡ್ಡವರ ಎದೆ ನಡುಗಿಸಲು ಬರೆದದ್ದು. ಆದರೂ ಎರಡರ ಹಿಂದಿರುವ ಬಯಕೆ ಒಂದೇ: ಉಳಲು ಸ್ವಂತ ನೆಲ ಬೇಕು. ಈ ಎರಡನ್ನೂ ಪಕ್ಕ ಪಕ್ಕದಲ್ಲಿಟ್ಟು ನೋಡಿದರೆ, ನಮ್ಮ ಕಾಫಿ ಮಲೆನಾಡಿನ ಬಗ್ಗೆ, ನಮ್ಮ ಸಾಹಿತ್ಯದ ಬಗ್ಗೆ ತಿಳಿಯಬೇಕಾದ ಒಂದೆರಡು ಸಂಗತಿಗಳು ತಿಳಿಯುತ್ತವೆಂದು ನನ್ನ ನಂಬಿಕೆ.

ಲಾರಾಳ ತಂದೆ ಚಾರ್ಲ್ಸ್ ಇಂಗಲ್ಸನದು ಒಂದೆಡೆ ನಿಲ್ಲದ ಕಾಲು. ವಿಸ್ಕಾನ್ಸಿನ್ ಸೀಮೆಯ ಕಾಡಿನಲ್ಲಿ 1867ರಲ್ಲಿ ಹುಟ್ಟಿದ ಮಗು, ಎರಡು ಮೂರು ವರ್ಷದೊಳಗೆ ಗಾಡಿಯಲ್ಲಿ ಕೂತು ಕ್ಯಾನ್ಸಸ್‌ನ ಹುಲ್ಲುಗಾವಲು ಸೇರಿತು. 1871ರಲ್ಲಿ ಮತ್ತೆ ವಿಸ್ಕಾನ್ಸಿನ್. 1874ರಲ್ಲಿ ಮಿನ್ನೆಸೋಟದ ಒಂದು ಹಳ್ಳದ ದಂಡೆ. ಅಲ್ಲಿ ಮಿಡತೆಗಳ ಹಿಂಡು ಬಂದು ಪೈರನ್ನೆಲ್ಲ ತಿಂದಿತು. 1876ರಲ್ಲಿ ಅಯೋವದ ಬರ್ ಓಕ್ ಎಂಬ ಊರು. ಮರುವರ್ಷ ಮತ್ತೆ ಮಿನ್ನೆಸೋಟ. 1879ರಲ್ಲಿ ರೈಲು ದಾರಿಯ ಕೆಲಸ ಹಿಡಿದು ಡಕೋಟ. ಇನ್ನು ಪಶ್ಚಿಮಕ್ಕೆ ಹೆಜ್ಜೆ ಇಡುವುದಿಲ್ಲವೆಂದು ತಾಯಿ ಕ್ಯಾರೊಲಿನ್ ಗಂಡನನ್ನು ಒಪ್ಪಿಸಿದ ಮೇಲೆಯೇ ಆ ಸಂಸಾರ ನೆಲೆಗೊಂಡಿತು. ಅಲ್ಲಿನ ಸರಕಾರ 1862ರಲ್ಲಿ ಮಾಡಿದ್ದ ಕಾಯಿದೆಯ ಪ್ರಕಾರ, ಐದು ವರ್ಷ ನೆಲೆಸಿ ಉತ್ತವನಿಗೆ 160 ಎಕರೆ ಭೂಮಿ. ಚಾರ್ಲ್ಸನ ಕಾಲಿಗೆ ಚಕ್ರ ಕಟ್ಟಿದ್ದು ಈ ಭೂಮಿಯ ಆಸೆ.

ಇನ್ನು ಚೋಮ. ಅವನ ಬಳಿ ಎರಡು ಎತ್ತುಗಳಿವೆ; ಉಳಲು ನೆಲವಿಲ್ಲ. ಧಣಿ ಸಂಕಪ್ಪಯ್ಯನ ಮನೆಯಲ್ಲಿ ಕೇಳಿದರೆ ಹೊಲೆಯನಿಗೆ ಗೇಣಿಗೆ ಭೂಮಿ ಕೊಡುವುದಕ್ಕೆ ಸಂಪ್ರದಾಯ ಅಡ್ಡ ಬರುತ್ತದೆ. ಅತ್ತ ಘಟ್ಟದ ಕಾಫಿ ತೋಟದಲ್ಲಿ ಅವನ ಹೆಸರಿನಲ್ಲಿ ಹಳೆಯ ಸಾಲವಿದೆ. ಅದನ್ನು ಕೇಳಲು ತೋಟದ ರೈಟರು ಮನ್ವೇಲ ಬರುತ್ತಾನೆ. ಸಾಲ ತೀರಿಸಲು ಚನಿಯ, ಗುರುವ ಎಂಬಿಬ್ಬರು ಮಕ್ಕಳು ಘಟ್ಟ ಹತ್ತುತ್ತಾರೆ. ಗುರುವ ಅಲ್ಲೊಬ್ಬ ಕ್ರೈಸ್ತ ಹುಡುಗಿಗೆ ಒಲಿದು ಅಲ್ಲಿಯೇ ಉಳಿಯುತ್ತಾನೆ. ಚನಿಯ ಜ್ವರ ಹೊತ್ತುಕೊಂಡು ಬಂದು ಗುಡಿಸಲಿನಲ್ಲಿ ಸಾಯುತ್ತಾನೆ. ಸಾಲ ಹಾಗೆಯೇ ಉಳಿಯುತ್ತದೆ. ಆಮೇಲೆ ಮಗಳು ಬೆಳ್ಳಿ, ಕಿರಿಯ ನೀಲ ಘಟ್ಟ ಹತ್ತುತ್ತಾರೆ. ಬೆಳ್ಳಿ ಸಾಲವನ್ನು ಯಾವ ಬೆಲೆ ತೆತ್ತು ತೀರಿಸಿದಳೆಂಬುದು ಓದಿದವರಿಗೆ ಗೊತ್ತು.

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ಇಂಗಲ್ಸ್ ಸಂಸಾರ ಬಡತನದಲ್ಲಿದ್ದರೂ ಒಟ್ಟಿಗೆ ಹೋಗುತ್ತದೆ. ಗಾಡಿಯೊಳಗೆ ತಾಯಿ, ತಂದೆ, ಮಕ್ಕಳು, ಹಾಸಿಗೆ, ತಂದೆಯ ಪಿಟೀಲು ಎಲ್ಲಕ್ಕೂ ಜಾಗವಿದೆ. ಚೋಮನ ಸಂಸಾರ ಒಟ್ಟಿಗೆ ಹೋಗುವುದೇ ಇಲ್ಲ. ಕಂತು ಕಂತಾಗಿ ಹೋಗುತ್ತದೆ: ಈ ಸಲ ಇಬ್ಬರು ಗಂಡುಮಕ್ಕಳು, ಮುಂದಿನ ಸಲ ಮಗಳು. ಸಾಲದ ಕಂತಿಗೆ ಸಂಸಾರದ ಕಂತು. ಹಾಗೆ ಹೋದದ್ದು ಮರಳಿ ಬಂದಾಗ ಮೊದಲಿನಂತೆ ಇರುವುದಿಲ್ಲ. ವಲಸೆ ಎಂಬ ಒಂದೇ ಮಾತನ್ನು ಇವೆರಡಕ್ಕೂ ಬಳಸುವುದು ನಮ್ಮ ಭಾಷೆಯ ಬಡತನವೆನ್ನಬೇಕು.

ವಾದ್ಯದ ಮಾತನ್ನೂ ಹೇಳಿಬಿಡುತ್ತೇನೆ. ಎರಡು ಕಥೆಯಲ್ಲಿಯೂ ತಂದೆಗೆ ಒಂದು ವಾದ್ಯವಿದೆ. ಚಾರ್ಲ್ಸನ ಪಿಟೀಲು ಎಲ್ಲ ಊರಿಗೂ ಅವನ ಸಂಗಡ ಹೋಗುತ್ತದೆ. ಯಾವ ಹೊಸ ಗೋಡೆಯ ನಡುವೆ ಅದು ನುಡಿಯಿತೋ ಅಲ್ಲಿಗೆ ಅದು ಮನೆಯಾಯಿತು ಎಂದು ಮಕ್ಕಳು ತಿಳಿಯುತ್ತಾರೆ. ಚೋಮನ ದುಡಿ ಗುಡಿಸಲು ಬಿಟ್ಟು ಹೋಗುವುದಿಲ್ಲ. ಮಕ್ಕಳು ಹೋದಂತೆಲ್ಲ ಅದರ ಸದ್ದು ಹೆಚ್ಚುತ್ತದೆ. ಪಿಟೀಲು ಕೂಡಿರುವವರ ವಾದ್ಯ. ದುಡಿ ಉಳಿದುಹೋದವನ ವಾದ್ಯ. ಎತ್ತುಗಳನ್ನು ಅಟ್ಟಿ, ನೇಗಿಲನ್ನು ಕಳೆದುಕೊಂಡು ಚೋಮ ಕೊನೆಗೆ ಹಿಡಿಯುವುದು ಅದೊಂದನ್ನೇ.

ಆದರೆ ಅಮೆರಿಕದ ಕಥೆಯನ್ನು ಸುಖದ ಕಥೆಯೆಂದೂ ನಮ್ಮದನ್ನು ದುಃಖದ ಕಥೆಯೆಂದೂ ಹಂಚಿಬಿಟ್ಟರೆ ವಿಮರ್ಶೆ ಸುಲಭವಾಯಿತು, ಸತ್ಯ ದೂರವಾಯಿತು. ಲಾರಾ ಬರೆದ ಸರಣಿಯಲ್ಲಿ ಬರ್ ಓಕ್ ಊರು ಇಲ್ಲವೇ ಇಲ್ಲ. ಅಲ್ಲಿಗೆ ಹೋಗುವ ದಾರಿಯಲ್ಲಿ, 1876ರಲ್ಲಿ, ಒಂಬತ್ತು ತಿಂಗಳ ತಮ್ಮ ತೀರಿಕೊಂಡ ಸಂಗತಿಯೂ ಇಲ್ಲ. ಆಕೆ ಮೊದಲು ದೊಡ್ಡವರಿಗಾಗಿ ಬರೆದಿಟ್ಟಿದ್ದ ಆತ್ಮಕಥೆಯ ಹಸ್ತಪ್ರತಿ ಟಿಪ್ಪಣಿಗಳೊಡನೆ 2014ರಲ್ಲಿ ಅಚ್ಚಾದಾಗ ಲೋಕಕ್ಕೆ ತಿಳಿದದ್ದೇನೆಂದರೆ, ಬರ್ ಓಕ್‌ನಿಂದ ಆ ಸಂಸಾರ ಬಾಕಿ ಉಳಿಸಿ ರಾತ್ರೋರಾತ್ರಿ ಗಾಡಿ ಕಟ್ಟಿತ್ತು. ಅಂದರೆ ಸಾಲ ಅಲ್ಲಿಯೂ ಇತ್ತು. ಚಾರ್ಲ್ಸ್ ಸಾಲ ಬಿಟ್ಟು ಓಡಬಲ್ಲವನಾಗಿದ್ದ. ಮುಂದೆ ಬಯಲಿತ್ತು, ಹೆಸರು ಕೇಳುವವರಿಲ್ಲದ ಊರುಗಳಿದ್ದುವು. ಚೋಮ ಎಲ್ಲಿಗೆ ಓಡಬೇಕು? ಅವನ ಸಾಲ ಅವನ ಹುಟ್ಟಿಗೆ ಅಂಟಿಕೊಂಡದ್ದು. ಒಬ್ಬನಿಗೆ ಊರು ಬಿಡುವುದು ಸಾಲದಿಂದ ಬಿಡುಗಡೆ. ಇನ್ನೊಬ್ಬನಿಗೆ ಊರು ಬಿಡುವುದೇ ಸಾಲದ ಸೇವೆ. ಈ ಎರಡು ಪುಸ್ತಕಗಳ ನಡುವಿನ ನಿಜವಾದ ಅಂತರ ಇಲ್ಲಿದೆ, ಭಾಷೆಯಲ್ಲಿಲ್ಲ, ಹವಾಮಾನದಲ್ಲಿಲ್ಲ.

ಇನ್ನೊಂದು ಕುರುಡನ್ನೂ ಹೇಳಬೇಕು. ಕ್ಯಾನ್ಸಸ್‌ನಲ್ಲಿ ಇಂಗಲ್ಸ್ ಸಂಸಾರ ಮನೆ ಕಟ್ಟಿದ್ದು ಓಸೇಜ್ ಜನಾಂಗಕ್ಕೆ ಸೇರಿದ ನೆಲದಲ್ಲಿ. 1935ರ ಪುಸ್ತಕದ ಮೊದಲಲ್ಲಿ, ಆ ಸೀಮೆಯಲ್ಲಿ ಜನರೇ ಇರಲಿಲ್ಲವೆಂಬ ಅರ್ಥದ ಮಾತಿತ್ತು. ಓದುಗರೊಬ್ಬರು 1952ರಲ್ಲಿ ಆಕ್ಷೇಪಿಸಿದ ಮೇಲೆ, ಮುಂದಿನ ವರ್ಷದ ಮುದ್ರಣದಲ್ಲಿ ಅದು ಒಕ್ಕಲು ಬಂದವರಿರಲಿಲ್ಲ ಎಂದು ತಿದ್ದಲ್ಪಟ್ಟಿತು. ಒಂದು ಪದ ತಿದ್ದಲು ಹದಿನೆಂಟು ವರ್ಷ. ಇದನ್ನು ಕೇಳಿ ನಗಬೇಕಾದ್ದಿಲ್ಲ. ಬಾಬಾಬುಡನ್‌ಗಿರಿಯ ತಪ್ಪಲಿನಿಂದ ಮೂಡಿಗೆರೆ, ಕಳಸದ ಕಣಿವೆಗಳ ವರೆಗೆ ಕಾಡು ಸವರಿ ಕಾಫಿ ಇಟ್ಟ ಚರಿತ್ರೆಯನ್ನು ನಾವು ಹೇಳುವಾಗಲೂ, ಹಳೆಯ ಕಾಲದಲ್ಲಿ ಇಲ್ಲಿ ಬರೀ ಕಾಡಿತ್ತು ಎಂದೇ ಮೊದಲು ಮಾಡುತ್ತೇವೆ. ಮಲೆಕುಡಿಯರು, ಹಸಲರು ಆ ಕಾಡಿನಲ್ಲಿ ಇದ್ದರೆಂಬ ಮಾತು ಎರಡನೆಯ ಪುಟಕ್ಕೆ ಹೋಗುತ್ತದೆ. ಕಾರಂತರು 1951ರಲ್ಲಿ ‘ಕುಡಿಯರ ಕೂಸು’ ಬರೆದು ಆ ಜನರನ್ನು ಮೊದಲ ಪುಟಕ್ಕೆ ತಂದರು ಎಂಬುದು ಕನ್ನಡದ ಭಾಗ್ಯ.

ಈಗ ನಮ್ಮ ಊರಿನ ಮಾತಿಗೆ ಬರೋಣ. ‘ಚೋಮನ ದುಡಿ’ಯನ್ನು ಚಿಕ್ಕಮಗಳೂರಿನಲ್ಲಿ ಪಾಠ ಮಾಡುವವನಿಗೆ ಮಂಗಳೂರಿನ ಅಧ್ಯಾಪಕನಿಗಿಲ್ಲದ ಒಂದು ತೊಡಕಿದೆ. ಕಾದಂಬರಿ ನಿಂತಿರುವುದು ಘಟ್ಟದ ಕೆಳಗೆ. ನಾವು ಕೂತಿರುವುದು ಘಟ್ಟದ ಮೇಲೆ. ಅಲ್ಲಿಂದ ನೋಡಿದರೆ ಘಟ್ಟವೆಂದರೆ ಜ್ವರ, ಸಾಲ, ಮರಳಿ ಬಾರದ ಮಕ್ಕಳು. ನಮ್ಮ ವಿದ್ಯಾರ್ಥಿಗಳಿಗೆ ಅದು ಮನೆ. ಅವರಲ್ಲಿ ತೋಟದ ಒಡೆಯರ ಮಕ್ಕಳಿದ್ದಾರೆ, ರೈಟರ ಮಕ್ಕಳಿದ್ದಾರೆ, ಲೈನು ಮನೆಗಳಿಂದ ಬಂದವರೂ ಇದ್ದಾರೆ. ಕೊನೆಯವರ ಅಜ್ಜ ಅಜ್ಜಿಯರಲ್ಲಿ ಅನೇಕರು ಚಾರ್ಮಾಡಿಯ ದಾರಿಯಲ್ಲೋ ಕಾರ್ಕಳದ ಕಡೆಯಿಂದಲೋ ಮೇಸ್ತ್ರಿಯ ಹಿಂದೆ ನಡೆದು ಬಂದವರು. ಅಂದರೆ ಅವರು ಚನಿಯನ ಕಡೆಯವರಲ್ಲ, ಗುರುವನ ಕಡೆಯವರು. ಅಲ್ಲಿಯೇ ಉಳಿದವನ ಕಡೆಯವರು.

ಕಾದಂಬರಿಯ ದೃಷ್ಟಿಗೆ ಗುರುವ ಕಳೆದುಹೋದ ಮಗ. ತಂದೆಯ ಗುಡಿಸಲಿನಿಂದ ನೋಡಿದಾಗ ಅದು ಸರಿಯೇ. ಆದರೆ ಉಳಿದುಕೊಂಡ ಗುರುವ ಆಮೇಲೆ ಏನಾದ? ಅವನ ಮಕ್ಕಳು ಯಾವ ತೋಟದಲ್ಲಿ ಹಣ್ಣು ಕೊಯ್ದರು, ಎಷ್ಟು ತೋಟ ಬದಲಾಯಿಸಿದರು, ಯಾವ ಶಾಲೆಯ ಮೆಟ್ಟಿಲು ಹತ್ತಿದರು? ಕಾರಂತರನ್ನು ಇದಕ್ಕಾಗಿ ದೂರುವುದು ಅನ್ಯಾಯ. ಅವರು ಬರೆಯ ಹೊರಟದ್ದು ಚೋಮನ ಕಥೆಯನ್ನು. ತೋಟದ ಬಾಳಿಗೆ ಆ ಸಣ್ಣ ಕಾದಂಬರಿಯಲ್ಲಿ ಕೆಲವೇ ಪುಟ ದೊರೆತದ್ದು ಸಹಜ. ದೂರಬೇಕಾದದ್ದು ಆ ಪುಟಗಳನ್ನು ಮುಂದುವರಿಸದ ನಮ್ಮನ್ನು.

ಈ ಬೆಟ್ಟಗಳ ಬಗ್ಗೆ ಬರೆದವರಿಲ್ಲವೆಂದಲ್ಲ. ಮಂಜರಾಬಾದು ಸೀಮೆಯಲ್ಲಿ ತೋಟ ಮಾಡಿದ ಆರ್. ಎಚ್. ಎಲಿಯಟ್ ಮೈಸೂರಿನ ಚಿನ್ನ, ಬೇಟೆ, ಕಾಫಿಯ ಬಗ್ಗೆ 1894ರಲ್ಲಿಯೇ ಇಂಗ್ಲಿಷಿನಲ್ಲಿ ಪುಸ್ತಕ ಬರೆದ. ಅದರಲ್ಲಿ ಆಳುಗಳಿದ್ದಾರೆ, ಆದರೆ ಕೆಲಸಕ್ಕೆ ದೊರೆಯುವವರಾಗಿ, ದೊರೆಯದವರಾಗಿ ಇದ್ದಾರೆ. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಗೆ ಬಂದು ತೋಟ ಮಾಡಿ, 2007ರಲ್ಲಿ ತೀರಿಕೊಳ್ಳುವ ವರೆಗೂ ಇಲ್ಲಿಯೇ ಬಾಳಿದರು. ‘ಅಬಚೂರಿನ ಪೋಸ್ಟಾಫೀಸು’ (1973), ‘ಕರ್ವಾಲೋ’ (1980) ಕೃತಿಗಳಿಂದ ಈ ಮಳೆ, ಈ ಕಾಡು, ಈ ಜನರ ಮಾತಿನ ಓಟ ಕನ್ನಡಕ್ಕೆ ಬಂತು. ಅವರು ಆಳುಮಕ್ಕಳನ್ನು ಕನಿಕರದ ಬೊಂಬೆಗಳಾಗಿ ಮಾಡಲಿಲ್ಲ. ಅವರ ಮಂದಣ್ಣ, ಪ್ಯಾರ ಮರೆಯಲಾಗದವರು. ಆದರೆ ‘ಕರ್ವಾಲೋ’ದ ನಿರೂಪಕ ನೆಲವುಳ್ಳ ಕೃಷಿಕ. ಆಳು ಬಂದನೇ ಬರಲಿಲ್ಲವೇ ಎಂದು ದಾರಿ ನೋಡುವುದು ಅವನ ಪಾಡು. ಬರುವವನ ಕಡೆಯಿಂದ ಆ ದಾರಿ ಹೇಗೆ ಕಾಣುತ್ತದೆಂದು ಹೇಳುವ ಪುಸ್ತಕಕ್ಕೆ ನಾವು ಇನ್ನೂ ಕಾದಿದ್ದೇವೆ.

ಆ ದಾರಿ ಅಮೆರಿಕದ ಗಾಡಿಯ ದಾರಿಯಂತೆ ಒಂದೇ ದಿಕ್ಕಿಗೆ ಹೋಗುವುದಲ್ಲ. ವರ್ಷದ ಚಕ್ರದೊಡನೆ ಸುತ್ತುವುದು. ನವೆಂಬರಿನಿಂದ ಮಾರ್ಚಿಯ ವರೆಗೆ, ಮೊದಲು ಅರೇಬಿಕಾ, ಆಮೇಲೆ ರೊಬಸ್ಟಾ ಹಣ್ಣಿನ ಕೊಯ್ಲು. ಹೂಮಳೆ ಬಿದ್ದ ಮೇಲೆ ಬೇರೆ ಕೆಲಸ. ಮುಂಗಾರಿಗೆ ಮುಂಚೆ ಮರಗಸಿ. ಒಂದು ತೋಟದಲ್ಲಿ ಕೆಲಸ ತೀರಿದರೆ ಇನ್ನೊಂದು. ಮುಂಗಡ ಹೆಚ್ಚು ಕೊಡುವ ಕಡೆಗೆ ಮೇಸ್ತ್ರಿಯ ಕಾಲು. ಒಂದು ಸಂಸಾರ ಐದು ವರ್ಷದಲ್ಲಿ ಬಾಳೂರು, ಬಣಕಲ್, ಕಳಸ ಎಂದು ಮೂರು ಲೈನುಗಳಲ್ಲಿ ಒಲೆ ಹೂಡುವುದು ಅಪೂರ್ವವಲ್ಲ. ತೋಟ ಕಾರ್ಮಿಕರಿಗಾಗಿ 1951ರಲ್ಲಿ ಬಂದ ಕಾಯಿದೆ ಮನೆ, ಔಷಧ, ಮಕ್ಕಳ ಓದು ಇವುಗಳ ಹೊಣೆಯನ್ನು ಒಡೆಯನ ಮೇಲೆ ಹೊರಿಸಿತು. ಜೀತವನ್ನು 1976ರ ಕಾಯಿದೆ ರದ್ದು ಮಾಡಿತು. ಬಾಳು ಮೊದಲಿಗಿಂತ ಮೇಲಾಗಿದೆಯೆನ್ನುವುದರಲ್ಲಿ ಸಂಶಯವಿಲ್ಲ. ಆದರೆ ಒಲೆ ಹೂಡಿ ಒಲೆ ಕೀಳುವ ಬಾಳು ನಿಂತಿಲ್ಲ. ಕೆಳಗಿನ ತುಳುನಾಡಿನವರು ಬರುವುದು ಕಡಿಮೆಯಾದ ಮೇಲೆ, ಈಗ ಅಸ್ಸಾಮಿನಿಂದ, ಬಂಗಾಳದಿಂದ, ಜಾರ್ಖಂಡದಿಂದ ಸಂಸಾರಗಳು ರೈಲು ಹತ್ತಿ ಬರುತ್ತಿವೆ. ಚೋಮನ ಮಕ್ಕಳು ನಡೆದ ದಾರಿ ಉದ್ದವಾಗಿದೆ, ಅಷ್ಟೆ.

ಲಾರಾಳ ಪುಸ್ತಕಗಳಿಂದ ನಾವು ಕಲಿಯಬೇಕಾದ ಪಾಠವೊಂದಿದ್ದರೆ ಅದು ತಂದೆಯ ಸಾಹಸದ್ದಲ್ಲ, ಮಗಳ ಕಣ್ಣಿನದು. ಆ ಮಗು ಬಾಗಿಲಿಗೆ ಅಗುಳಿ ಹೇಗೆ ಮಾಡಿದರು, ಬಾವಿ ಹೇಗೆ ತೋಡಿದರು, ಹಂದಿಯ ಮಾಂಸವನ್ನು ಹೊಗೆಯಲ್ಲಿ ಹೇಗೆ ಒಣಗಿಸಿದರು ಎಂಬುದನ್ನೆಲ್ಲ ನೋಡಿಟ್ಟುಕೊಂಡಿತು. ಅರವತ್ತು ವರ್ಷ ಕಳೆದ ಮೇಲೆ ಬರೆಯಿತು. ತಿದ್ದಿ ರೂಪು ಕೊಡಲು ಮಗಳು ರೋಸಳ ಕೈ ಜೊತೆಗಿತ್ತು. ಲೈನು ಮನೆಯ ಮಗುವೂ ಇಷ್ಟನ್ನೆಲ್ಲ ನೋಡುತ್ತದೆ: ಸಂಜೆ ಹಣ್ಣು ತೂಗುವಾಗ ಅವ್ವನ ಮುಖ, ಪಲ್ಪರಿನ ಸದ್ದು, ಕಣದಲ್ಲಿ ಒಣಗುವ ಬೀಜದ ವಾಸನೆ, ಗಂಟು ಕಟ್ಟುವ ಹಿಂದಿನ ರಾತ್ರಿ ಅಪ್ಪ ಮಾತಾಡದೆ ಕೂತಿರುವುದು. ನೋಡುವ ಕಣ್ಣಿಗೆ ಕೊರತೆಯಿಲ್ಲ.

ಹಾಗಾದರೆ ಕೊರತೆ ಯಾವುದು? ಲಾರಾ ಎಷ್ಟು ಊರು ಬದಲಾಯಿಸಿದರೂ ಅವಳ ಶಾಲೆಯ ಭಾಷೆ ಬದಲಾಗಲಿಲ್ಲ; ಮನೆಯಲ್ಲಿ ಓದಿಸುವ ತಾಯಿಯಿದ್ದಳು, ಆಕೆ ಹಿಂದೆ ಶಾಲೆಯಲ್ಲಿ ಕಲಿಸಿದ್ದವಳು. ನಮ್ಮ ಬೆಟ್ಟದ ಮಗುವಿಗೆ ಮನೆಯಲ್ಲಿ ಒಂದು ನುಡಿ, ಲೈನಿನಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದು. ಅದೂ ಅಕ್ಷರ ಕೂಡಿಸಲು ಬರುವ ಹೊತ್ತಿಗೆ ಮೇಸ್ತ್ರಿಯ ಕರೆ ಬರುತ್ತದೆ. ಆದದ್ದರಿಂದ ಈ ಬೆಟ್ಟಗಳ ದೊಡ್ಡ ಪುಸ್ತಕ ಯಾಕೆ ಇನ್ನೂ ಬರಲಿಲ್ಲವೆಂಬುದು ಬರೀ ಪ್ರತಿಭೆಯ ಪ್ರಶ್ನೆಯಲ್ಲ. ‘ಚೋಮನ ದುಡಿ’ ಹೊರಬಂದು ತೊಂಬತ್ತು ವರ್ಷದ ಮೇಲಾಯಿತು. ಅದನ್ನು ಓದಿ ಕಣ್ಣೀರು ಹಾಕುವುದನ್ನು ನಾವು ಚೆನ್ನಾಗಿ ಕಲಿತಿದ್ದೇವೆ. ಅದರ ಮುಂದಿನ ಭಾಗವನ್ನು ಗುರುವನ ಮೊಮ್ಮಗಳು ಬರೆಯಬೇಕು, ಇಲ್ಲವೇ ನಿನ್ನೆ ರೈಲಿನಿಂದ ಇಳಿದ ಹುಡುಗಿ ಬರೆಯಬೇಕು. ಅದು ಕನ್ನಡದಲ್ಲಿ ಆಗಬೇಕೆಂಬ ಆಸೆ ನಮಗಿದ್ದರೆ, ಆ ಹುಡುಗಿ ಒಂದೇ ಶಾಲೆಯ ಒಂದೇ ಬೆಂಚಿನ ಮೇಲೆ ನಾಲ್ಕು ವರ್ಷ ಕೂರುವಂತಾಗಬೇಕು.