ಆರು ಮೂಲೆಯ ಸೂರು: 30 ಡಿಗ್ರಿ ಎಲ್ಲಿ ಸರಿ, ಎಲ್ಲಿ ತಪ್ಪು?

ಅಮೆರಿಕದ ನೆವಾಡ ರಾಜ್ಯದ ಬ್ಲ್ಯಾಕ್ ರಾಕ್ ಮರುಭೂಮಿಯಲ್ಲಿ 'ಬರ್ನಿಂಗ್ ಮ್ಯಾನ್' ಎಂಬ ಮೇಳ ನಡೆಯುತ್ತದೆ. ಅಲ್ಲಿ ಕಾಣುವ ಬೆಳ್ಳಿಬಣ್ಣದ ಆರು ಮೂಲೆಯ ಗುಡಿಸಲುಗಳಿಗೆ 'ಹೆಕ್ಸಾಯರ್ಟ್' ಎಂದು ಹೆಸರು. 2002ರಲ್ಲಿ ಇದನ್ನು ರೂಪಿಸಿದವರು ವಿನಯ್ ಗುಪ್ತ. 8 ಅಡಿ ಉದ್ದ, 4 ಅಡಿ ಅಗಲದ 12 ಫೋಮ್ ಹಲಗೆಗಳಿದ್ದರೆ ಸಾಕು. ಆರು ಹಲಗೆಗಳನ್ನು ಅಡ್ಡಲಾಗಿ ನಿಲ್ಲಿಸಿದರೆ ಗೋಡೆ. ಉಳಿದ ಆರನ್ನು ಕರ್ಣದ ಗುಂಟ ಸೀಳಿ, ಒಂದು ತುಂಡನ್ನು ಮಗುಚಿ ಇನ್ನೊಂದಕ್ಕೆ ಉದ್ದಬದಿಯಲ್ಲಿ ಜೋಡಿಸಿದರೆ ಸೂರಿನ ಆರು ತ್ರಿಭುಜಗಳು ಸಿದ್ಧ. ಒಂದು ಚೂರೂ ವ್ಯರ್ಥವಾಗದ ಈ ಜಾಣ್ಮೆಯನ್ನು ಮೆಚ್ಚಲೇಬೇಕು.

ನನ್ನ ಆಕ್ಷೇಪ ಇರುವುದು ಕೋನಗಳನ್ನು ಲೆಕ್ಕ ಮಾಡದೆ ಬಾಯಿಪಾಠದಂತೆ ಒಪ್ಪಿಕೊಳ್ಳುವ ಅಭ್ಯಾಸದ ಬಗ್ಗೆ. ಸೂರಿನ ತ್ರಿಭುಜದ ಪಾದ 8 ಅಡಿ, ಎತ್ತರವೂ 8 ಅಡಿ. ಷಡ್ಭುಜದ ಕೇಂದ್ರದಿಂದ ಗೋಡೆಗೆ ಇರುವ ದೂರ 6.93 ಅಡಿ. ಪೈಥಾಗೊರಸ್ ಪ್ರಮೇಯದಂತೆ ಸೂರು ಗೋಡೆಯ ಮೇಲೆ 4 ಅಡಿ ಏರುತ್ತದೆ. ಇಳಿಜಾರು ಸರಿಯಾಗಿ 30 ಡಿಗ್ರಿ. ಗೋಡೆಗೂ ಸೂರಿಗೂ ನಡುವೆ 120 ಡಿಗ್ರಿ, ಗೋಡೆ ಗೋಡೆಗಳ ನಡುವೆಯೂ 120. ಎರಡೂ ಕಡೆ ಅಂಚನ್ನು 30 ಡಿಗ್ರಿ ಓರೆಯಾಗಿ ಕತ್ತರಿಸಿದರೆ ಕೂಡಿಕೊಳ್ಳುತ್ತದೆ. ಇಷ್ಟಾದ ಮೇಲೆ ಸೂರಿನ ಎರಡು ಹಲಗೆಗಳು ಕೂಡುವಲ್ಲಿಯೂ 30 ಎಂದೇ ಕೈ ಓಡುತ್ತದೆ. ತರಗತಿಗೆಂದು ಥರ್ಮೊಕೋಲ್ ಮಾದರಿ ಮಾಡುವಾಗ ನನ್ನ ಕೈಯೂ ಹಾಗೆಯೇ ಓಡಿತ್ತು. ಹೊರ ಅಂಚುಗಳು ಮಾತ್ರ ತಾಗಿದವು, ಒಳಗೆ ಬಾಯಿ ಬಿಟ್ಟುಕೊಂಡಿತು.

ಸರಿಯಾದ ಕೋನವನ್ನು ನೀವೇ ಕಂಡುಕೊಳ್ಳಬಹುದು. ಷಡ್ಭುಜದ ಒಂದು ಮೂಲೆಯಿಂದ ಸೂರಿನ ತುದಿಗೆ ಹೋಗುವ ಅಂಚಿನ ಉದ್ದ 8 ಮತ್ತು 4ರ ವರ್ಗಗಳ ಮೊತ್ತದ ವರ್ಗಮೂಲ, ಅಂದರೆ 8.94 ಅಡಿ. ತ್ರಿಭುಜದ ಕ್ಷೇತ್ರಫಲ 32 ಚದರ ಅಡಿ. ಆದ್ದರಿಂದ ಪಕ್ಕದ ಮೂಲೆಯಿಂದ ಆ ಅಂಚಿಗೆ ಇಳಿಸಿದ ಲಂಬ 64 ÷ 8.94 = 7.16 ಅಡಿ. ಇನ್ನೊಂದು ಪಕ್ಕದ ಮೂಲೆಯಿಂದಲೂ ಅಷ್ಟೇ ಉದ್ದದ ಲಂಬ ಅದೇ ಬಿಂದುವಿಗೆ ಬರುತ್ತದೆ. ಆ ಎರಡು ಮೂಲೆಗಳ ನಡುವಣ ದೂರ 13.86 ಅಡಿ. ಇದರ ಅರ್ಧವನ್ನು 7.16ರಿಂದ ಭಾಗಿಸಿದರೆ ಅರ್ಧಕೋನದ ಸೈನ್ 0.968. ಅರ್ಧಕೋನ 75.5, ಪೂರ್ಣಕೋನ 151 ಡಿಗ್ರಿ. ಅಂದರೆ ಪ್ರತಿ ಅಂಚಿಗೆ ಬೇಕಾದ ಓರೆ 14.5 ಡಿಗ್ರಿ ಮಾತ್ರ. ಇದರ ಸೈನ್ ಸರಿಯಾಗಿ ಕಾಲು.

ಎರಡು ಹಲಗೆಗಳ ನಡುವಿನ ಬಾಗು 29 ಡಿಗ್ರಿ, ಇಳಿಜಾರು 30. ಗೊಂದಲಕ್ಕೆ ಈ ಸಾಮೀಪ್ಯವೂ ಕಾರಣ. ಆದರೆ ಬಾಗನ್ನು ಎರಡು ಅಂಚುಗಳು ಹಂಚಿಕೊಳ್ಳಬೇಕು. ಪ್ರತಿಯೊಂದನ್ನೂ 30ಕ್ಕೆ ಕೊಯ್ದರೆ ಒಳಗೆ 31 ಡಿಗ್ರಿಯ ಸಂದು ಉಳಿದು, ಭಾರವೆಲ್ಲ ಚೂಪಾದ ಹೊರ ಅಂಚಿನ ಮೇಲೆ ಬೀಳುತ್ತದೆ. ಫೋಮ್ ಅಲ್ಲಿ ಜಜ್ಜಿಹೋಗುತ್ತದೆ. ಕೊಯ್ದ ಅಂಚನ್ನು ಮತ್ತೆ ಬೆಳೆಸಲಾಗದು.

ಓರೆ ಕೊಯ್ಯುವುದೇ ಬೇಡವೆನ್ನುವವರೂ ಇದ್ದಾರೆ, ಅದು ತಪ್ಪಲ್ಲ. 25 ಮಿಲಿಮೀಟರ್ ದಪ್ಪದ ಹಲಗೆಗಳ ಒಳ ಅಂಚುಗಳನ್ನು ತಾಗಿಸಿ ನಿಲ್ಲಿಸಿದರೆ ಸೂರಿನ ಹೊರಮೈಯಲ್ಲಿ 12.5 ಮಿಲಿಮೀಟರ್, ಗೋಡೆಯ ಮೂಲೆಗಳಲ್ಲಿ 25 ಮಿಲಿಮೀಟರ್ ಸಂದು ಬೀಳುತ್ತದೆ. ಅಗಲವಾದ, ನಾರು ಹೆಣೆದ ಅಂಟುಪಟ್ಟಿ ಇದನ್ನು ಮುಚ್ಚಬಲ್ಲದು. ಆದರೆ ಫೋಮ್ ಉರಿಯುವ ವಸ್ತು. ಯಾವ ಕೋನದಲ್ಲಿ ಕೊಯ್ದರೂ ಒಳಗೆ ಒಲೆ ಹಚ್ಚುವಂತಿಲ್ಲ.