ಅಂಗಿಯ ಮೇಲಿನ ಮಾತು, ಅಳೆಯುವವರ ಕೈಯ ಕೋಲು

ನಾವು ಈ ಸಲ ವಿಮರ್ಶೆಗೆ ಎತ್ತಿಕೊಂಡಿರುವುದು ಕಥೆಯನ್ನಲ್ಲ, ಕವಿತೆಯನ್ನಲ್ಲ. ಒಂದು ಅಂಗಿಯ ಜಾಹೀರಾತನ್ನು. ನಗಬೇಡಿ. ಈ ಹೊತ್ತು ಅತಿ ಹೆಚ್ಚು ಜನರ ಕಣ್ಣಿಗೆ ಬೀಳುವ ಸಾಹಿತ್ಯ ಅಂದರೆ ಜಾಹೀರಾತೇ. ಪುಸ್ತಕ ಮುಟ್ಟದವನೂ ಅದನ್ನು ಓದುತ್ತಾನೆ, ಅಕ್ಷರ ಬಾರದವಳೂ ಅದರ ಚಿತ್ರ ಓದುತ್ತಾಳೆ. ಇಷ್ಟು ಓದುಗರಿರುವ ಸಾಹಿತ್ಯಕ್ಕೆ ವಿಮರ್ಶೆ ಬೇಡವೆ?

2018ರ ಜನವರಿ. ಸ್ವೀಡನ್ ದೇಶದ ಎಚ್ ಅಂಡ್ ಎಂ ಅನ್ನುವ ಬಟ್ಟೆ ಕಂಪನಿ ಬ್ರಿಟನ್ನಿನ ಗಿರಾಕಿಗಳಿಗಾಗಿ ತನ್ನ ಇಂಟರ್‌ನೆಟ್ ಅಂಗಡಿಯಲ್ಲಿ ಮಕ್ಕಳ ಬಟ್ಟೆಗಳ ಚಿತ್ರ ಹಾಕಿತ್ತು. ಅದರಲ್ಲೊಂದು ಹಸಿರು ಬಣ್ಣದ, ತಲೆಗೆ ಮುಸುಕಿರುವ ಅಂಗಿ. ಎದೆಯ ಮೇಲೆ ಇಂಗ್ಲಿಷಿನಲ್ಲಿ ಬರೆದದ್ದರ ಅರ್ಥ: ಕಾಡಿನಲ್ಲೇ ಭಾರೀ ಜೋರಾದ ಕೋತಿ. ತೊಟ್ಟು ನಿಂತವನು ಒಬ್ಬ ಕಪ್ಪು ಹುಡುಗ. ಅದೇ ಕಾಡಿನ ಸಾಲಿನ ಇನ್ನೊಂದು ಅಂಗಿ ಬಿಳಿಯ ಹುಡುಗನ ಮೈಮೇಲಿತ್ತು. ಅದರ ಮೇಲಿದ್ದ ಮಾತು: ಕಾಡಿನಲ್ಲಿ ಬದುಕಿ ಉಳಿಯುವುದರಲ್ಲಿ ನಿಪುಣ.

ಎರಡನ್ನೂ ಅಕ್ಕಪಕ್ಕ ಇಟ್ಟು ಓದೋಣ. ಒಬ್ಬ ಕಾಡನ್ನು ಗೆದ್ದು ಬರುವವನು. ಇನ್ನೊಬ್ಬ ಕಾಡಿನೊಳಗಿನ ಪ್ರಾಣಿ. ಬರೆದವನಿಗೆ ಇದು ಹೊಳೆದಿರಲಿಕ್ಕಿಲ್ಲ. ಆದರೆ ಬರೆದವನ ಮನಸ್ಸಿನಲ್ಲಿ ಏನಿತ್ತು ಅನ್ನುವುದು ಒಂದು, ಬರೆದದ್ದು ಏನು ಹೇಳ್ತದೆ ಅನ್ನುವುದು ಇನ್ನೊಂದು. ಅಂಗಿಯ ಮೇಲಿನದು ಅರ್ಧ ವಾಕ್ಯ. ಅದಕ್ಕೆ ಕರ್ತೃಪದ ತೊಟ್ಟವನ ಮೈ. ಮೈ ಬದಲಾದರೆ ವಾಕ್ಯವೇ ಬದಲಾಗುತ್ತದೆ.

ಚಿತ್ರ ಕಂಡ ಕೂಡಲೇ ಜಗತ್ತಿನಾದ್ಯಂತ ಜನ ಸಿಟ್ಟಿಗೆದ್ದರು. ಇದೇ ಕಂಪನಿಗೆ ಕೆಲಸ ಮಾಡುತ್ತಿದ್ದ ಗಾಯಕ ದಿ ವೀಕೆಂಡ್ ಸಂಬಂಧ ಕಡಿದುಕೊಂಡ. ಕಂಪನಿ ಚಿತ್ರ ತೆಗೆಯಿತು, ಕ್ಷಮೆ ಕೇಳಿತು, ಆಮೇಲೆ ಅಂಗಿಯನ್ನೇ ಮಾರಾಟದಿಂದ ಹಿಂದಕ್ಕೆ ಪಡೆಯಿತು. ತಮ್ಮ ಕೆಲಸದ ಕ್ರಮ ಸರಿಯಾಗಿ ಪಾಲನೆಯಾಗಿಲ್ಲ ಅಂತ ಹೇಳಿಕೊಂಡಿತು. ಜನವರಿ 13ರಂದು ದಕ್ಷಿಣ ಆಫ್ರಿಕದಲ್ಲಿ ಎಕನಾಮಿಕ್ ಫ್ರೀಡಂ ಫೈಟರ್ಸ್ ಪಕ್ಷದವರು ಕಂಪನಿಯ ಅಂಗಡಿಗಳಿಗೆ ನುಗ್ಗಿ ಬಟ್ಟೆ ಚೆಲ್ಲಾಡಿದರು, ಬೊಂಬೆ ಉರುಳಿಸಿದರು. ಪೊಲೀಸರು ರಬ್ಬರ್ ಗುಂಡು ಹಾರಿಸಿದರು.

ಈ ನಡುವೆ ಆ ಹುಡುಗನ ತಾಯಿಯೇ ಬಾಯಿ ಬಿಟ್ಟರು. ಅವರೂ ಕಪ್ಪು ಹೆಂಗಸು. ನನ್ನ ಮಗ ನೂರಾರು ಬಟ್ಟೆ ತೊಟ್ಟಿದ್ದಾನೆ, ಅದರಲ್ಲಿ ಇದೂ ಒಂದು, ಸುಮ್ಮನೆ ಬೊಬ್ಬೆ ಹೊಡೆಯಬೇಡಿ ಅನ್ನುವ ಅರ್ಥದ ಮಾತಾಡಿದರು. ತಗೊಳ್ಳಿ, ಇಷ್ಟೇ ಸಾಕಾಯಿತು. ಅಲ್ಲಿಯವರೆಗೆ ಒಂದು ಕಪ್ಪು ಹೆಂಗಸಿನ ಮಾತಿಗೂ ಕಿವಿ ಕೊಡದಿದ್ದವರು ಈ ಒಬ್ಬ ತಾಯಿಯನ್ನು ತಲೆಮೇಲೆ ಹೊತ್ತು ಮೆರೆಸಿದರು. "ತಾಯಿಗೇ ಇಲ್ಲದ ನೋವು ನಿಮಗ್ಯಾಕೆ?" ಅಂದರು. ಇನ್ನೊಂದು ಕಡೆ, ಸಿಟ್ಟಾದವರಲ್ಲೇ ಕೆಲವರು ಆ ತಾಯಿಯನ್ನು ಬಾಯಿಗೆ ಬಂದಂತೆ ಬೈದರು.

ನಮಗೆ ಎರಡೂ ಸರಿಕಾಣುವುದಿಲ್ಲ. ಆ ತಾಯಿಗೆ ನೋವಾಯಿತೋ ಇಲ್ಲವೋ ಅನ್ನುವುದನ್ನು ಅವರಲ್ಲದೆ ಬೇರೆ ಯಾರೂ ಹೇಳಲಾರರು. ದುಡಿದು ತಿನ್ನುವ ಒಬ್ಬ ತಾಯಿಗೆ ಹೀಗೇ ನೊಂದುಕೋ ಅಂತ ಅಪ್ಪಣೆ ಮಾಡುವ ಹಕ್ಕು ಯಾವ ಚಳವಳಿಗೂ ಇಲ್ಲ. ಆದರೆ ಚಿತ್ರ ಅವರ ಮನೆಯ ಗೋಡೆಯ ಮೇಲಿರಲಿಲ್ಲ. ಅಂಗಡಿ ಅದನ್ನು ಬೀದಿಗೆ ತಂದಿತ್ತು. ನೋವು ಅವರ ಸ್ವಂತದ್ದು. ಬೀದಿಗೆ ಬಂದ ಚಿತ್ರದ ಅರ್ಥ ಮಾತ್ರ ಬೀದಿಯಲ್ಲಿ ಬದುಕುವ ಎಲ್ಲರದು. ನಾಳೆ ಶಾಲೆಯಲ್ಲಿ ಆ ಮಾತಿನಿಂದ ಚುಚ್ಚಿಸಿಕೊಳ್ಳುವ ಬೇರೆ ಮಕ್ಕಳಿಗೂ ಅದರಲ್ಲಿ ಪಾಲಿದೆ.

"ಒಂದು ಕೋತಿ ಅಂದರೆ ಏನು ಮಹಾ? ನಮ್ಮ ಮಕ್ಕಳನ್ನೂ ನಾವು ಕೋತಿ, ಮಂಗ ಅಂತ ಕರೀತೀವಿ" ಅಂತ ನಮ್ಮಲ್ಲೂ ಕೇಳುವವರಿದ್ದಾರೆ. ಕರೀತೀವಿ, ನಿಜ. ತೊಡೆಯ ಮೇಲೆ ಕೂರಿಸಿಕೊಂಡು ಕರೀತೀವಿ. ಆದರೆ ಕಪ್ಪು ಜನರಿಗೆ ಈ ಮಾತು ತೊಡೆಯ ಮೇಲಿಂದ ಬಂದದ್ದಲ್ಲ, ಪಂಜರದಿಂದ ಬಂದದ್ದು. 1906ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದವರು ಕಾಂಗೋದಿಂದ ತಂದ ಓಟ ಬೆಂಗ ಎಂಬ ಮನುಷ್ಯನನ್ನು ಕೋತಿಗಳ ಮನೆಯಲ್ಲಿಟ್ಟು ಜನರಿಗೆ ತೋರಿಸಿದರು. ಟಿಕೆಟ್ಟು ತಗೊಂಡು ಅಲ್ಲ, ಶಾಸ್ತ್ರಜ್ಞಾನದ ಹೆಸರು ಹೇಳಿ. ಕಪ್ಪು ಜನರ ಪಾದ್ರಿಗಳು, ಜೇಮ್ಸ್ ಗಾರ್ಡನ್ ಅವರ ಮುಂದಾಳತ್ವದಲ್ಲಿ, ಇದು ನಮ್ಮ ಜನಾಂಗಕ್ಕೆ ಅವಮಾನ ಅಂತ ಪ್ರತಿಭಟಿಸಿದರು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಇವರು ಇಷ್ಟೇಕೆ ಉದ್ವೇಗಗೊಳ್ಳುತ್ತಾರೆ ಅನ್ನುವುದೇ ಅರ್ಥವಾಗಲಿಲ್ಲ, ಹಾಗಂತ ಬರೆದುಕೊಂಡಿತು. ಓಟ ಬೆಂಗ 1916ರಲ್ಲಿ ತನಗೆ ತಾನೇ ಗುಂಡು ಹೊಡೆದುಕೊಂಡು ಸತ್ತ. ಮೃಗಾಲಯ ನಡೆಸುವ ಸಂಸ್ಥೆ ಕ್ಷಮೆ ಕೇಳಿದ್ದು 2020ರಲ್ಲಿ. ಪಾದ್ರಿಗಳು ಒಂದೇ ನೋಟಕ್ಕೆ ಕಂಡದ್ದನ್ನು ಕಾಣಲು ಮೃಗಾಲಯಕ್ಕೆ 114 ವರ್ಷ ಹಿಡಿಯಿತು.

ದಕ್ಷಿಣ ಆಫ್ರಿಕದ ಸಿಟ್ಟಿಗೂ ತೀರ ಹತ್ತಿರದ ಕಾರಣವಿತ್ತು. 2016ರ ಜನವರಿಯಲ್ಲಿ, ಹೊಸವರ್ಷಕ್ಕೆ ಡರ್ಬನ್ನಿನ ಕಡಲತೀರಕ್ಕೆ ಬಂದಿದ್ದ ಕಪ್ಪು ಜನರನ್ನು ಬಿಳಿಯ ಹೆಂಗಸೊಬ್ಬಳು ಫೇಸ್‌ಬುಕ್ಕಿನಲ್ಲಿ ಕೋತಿಗಳೆಂದು ಕರೆದಿದ್ದಳು. ಅದೇ ವರ್ಷ ಅಲ್ಲಿನ ಸಮಾನತಾ ನ್ಯಾಯಾಲಯ ಅವಳಿಗೆ 1,50,000 ರ್‍ಯಾಂಡ್ ದಂಡ ಹಾಕಿತು. ಆ ಗಾಯ ಮಾಯುವ ಮೊದಲೇ ಬಂದದ್ದು ಈ ಅಂಗಿ. ಅಂಗಡಿ ಪುಡಿ ಮಾಡಿದ್ದನ್ನು ನಾವು ಹೊಗಳುವುದಿಲ್ಲ. ಚೆಲ್ಲಿದ ಬಟ್ಟೆಯನ್ನು ಆಯ್ದು ಮಡಚುವ ಕೈಯೂ ಬಡವರದೇ. ಆದರೆ ಬೊಂಬೆ ಬಿದ್ದದ್ದಕ್ಕೆ ಮರುಗಿದವರು ಮಾತು ಬಿದ್ದಾಗ ಎಲ್ಲಿದ್ದರು ಅಂತ ಕೇಳ್ತೀವಿ.

ಇದು ದೂರದವರ ಜಗಳ ಅಂತ ಕೈತೊಳೆದುಕೊಳ್ಳುವ ಹಾಗಿಲ್ಲ. 1946ರಲ್ಲಿ ಬಾಬಾಸಾಹೇಬರು ಅಮೆರಿಕದ ಡು ಬಾಯ್ಸ್ ಅವರಿಗೆ ಪತ್ರ ಬರೆದು, ಕಪ್ಪು ಜನ ವಿಶ್ವಸಂಸ್ಥೆಗೆ ಸಲ್ಲಿಸಿದ ಅರ್ಜಿಯ ಪ್ರತಿ ಕೇಳಿದ್ದರು. 1972ರಲ್ಲಿ ಮುಂಬಯಿಯ ದಲಿತ ಪ್ಯಾಂಥರ್ಸ್ ತಮ್ಮ ಹೆಸರನ್ನೇ ಅಲ್ಲಿನ ಕಪ್ಪು ಹೋರಾಟಗಾರರಿಂದ ಪಡೆದರು. ನಂಟು ಹಳೆಯದು. ಆದರೆ ನಮ್ಮ ದೇಶದ ನಡತೆ? 2007ರ ಅಕ್ಟೋಬರಿನಲ್ಲಿ ವಡೋದರ, ಮುಂಬಯಿಯ ಕ್ರಿಕೆಟ್ ಮೈದಾನಗಳಲ್ಲಿ ಆಸ್ಟ್ರೇಲಿಯದ ಆಂಡ್ರ್ಯೂ ಸೈಮಂಡ್ಸ್‌ನನ್ನು ಕಂಡು ಜನ ಕೋತಿಯ ಹಾಗೆ ಕೂಗಿದರು. ನಮ್ಮಲ್ಲಿ ಕೋತಿ ಅಂದರೆ ಆಂಜನೇಯ, ದೇವರು, ಅದು ಬೈಗುಳ ಹೇಗಾದೀತು ಅನ್ನುವ ವಾದವೂ ಎದ್ದಿತು. ಸ್ವಾಮಿ, ಅಷ್ಟು ಭಕ್ತಿ ಉಕ್ಕಿದ್ದರೆ ಬಿಳಿಯ ಆಟಗಾರರನ್ನು ಕಂಡಾಗ ಯಾಕೆ ಉಕ್ಕಲಿಲ್ಲ? 2016ರಲ್ಲಿ ಬೆಂಗಳೂರಿನ ಹೆಸರಘಟ್ಟದ ಬಳಿ ಬೇರೊಬ್ಬ ಆಫ್ರಿಕದವನ ಕಾರು ಮಾಡಿದ ಅಪಘಾತಕ್ಕಾಗಿ, ಏನೂ ಅರಿಯದ ತಾಂಜಾನಿಯದ ವಿದ್ಯಾರ್ಥಿನಿಯನ್ನು ಗುಂಪು ಹಿಡಿದು ಹೊಡೆಯಿತು. ಕಪ್ಪು ಬಣ್ಣ ಕಂಡರೆ ಎಲ್ಲರೂ ಒಬ್ಬನೇ ಅನ್ನುವ ಕಣ್ಣು ನಮ್ಮೂರಲ್ಲೂ ಇದೆ.

ಹಾಗಾದರೆ ಅವಮಾನವನ್ನು ಅಳೆಯುವ ಕೋಲು ಯಾರ ಕೈಯಲ್ಲಿರಬೇಕು? ಅಂದವನ ಕೈಯಲ್ಲಿ ಕೊಟ್ಟರೆ "ನನಗೆ ಆ ಉದ್ದೇಶ ಇರಲಿಲ್ಲ" ಅನ್ನುತ್ತಾನೆ, ಮುಗಿಯಿತು. ನಮ್ಮ 1989ರ ದೌರ್ಜನ್ಯ ತಡೆ ಕಾಯ್ದೆಯೂ ಅವಮಾನಿಸುವ ಉದ್ದೇಶವನ್ನು ಕೇಳುತ್ತದೆ; ಜನರ ಕಣ್ಣಿಗೆ ಬೀಳುವ ಜಾಗದಲ್ಲಿ ಅಂದಿರಬೇಕು ಅನ್ನುತ್ತದೆ. ನಾಲ್ಕು ಗೋಡೆಯೊಳಗೆ, ಹೊರಗಿನವರಿಲ್ಲದಾಗ ಅಂದದ್ದು ಆ ಕಲಮಿಗೆ ಸಿಗುವುದಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ಕೋರ್ಟ್ 2008ರಲ್ಲಿ ಸ್ವರಣ್ ಸಿಂಗ್ ಪ್ರಕರಣದಲ್ಲಿ ಒಳ್ಳೆಯ ಮಾತೊಂದನ್ನೂ ಹೇಳಿತ್ತು: ಒಂದು ಜಾತಿಯ ಹೆಸರಿಗೆ ನಿಘಂಟಿನಲ್ಲಿ ಏನು ಅರ್ಥ ಅಂತಲ್ಲ, ಇವತ್ತು ಜನ ಅದನ್ನು ಯಾವುದಕ್ಕೆ ಬಳಸುತ್ತಾರೆ ಅನ್ನುವುದನ್ನು ನೋಡಬೇಕು ಅಂತ. ಕೋತಿಗೂ ಈ ಮಾತು ಸಲ್ಲುತ್ತದೆ.

ಹಾಗಂತ ಕೋಲನ್ನು "ನನಗೆ ನೋವಾಯಿತು" ಅಂದವನ ಕೈಗೆ ಕಣ್ಣುಮುಚ್ಚಿ ಕೊಡೋಣವೆ? ಇಲ್ಲಿ ನಾವು ನಮ್ಮನ್ನೇ ಕೇಳಿಕೊಳ್ಳಬೇಕು. 1973ರಲ್ಲಿ ಮೈಸೂರಿನಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದಾಗ ನೋವಾಯಿತು ಅಂತ ಬೀದಿಗಿಳಿದವರು ಯಾರು? ಏಟು ತಿಂದವರು ದಲಿತ ವಿದ್ಯಾರ್ಥಿಗಳು, ಕುರ್ಚಿ ಕಳೆದುಕೊಂಡವರು ದಲಿತ ಮಂತ್ರಿ. ನೋವೊಂದೇ ಅಳತೆಯಾದರೆ ಗಂಟಲು ದೊಡ್ಡದಿರುವವನ ನೋವೇ ದೊಡ್ಡದಾಗುತ್ತದೆ. ನಮ್ಮವರ ಮಾತು, ಬರಹ, ಊಟ ಎಲ್ಲದರಿಂದಲೂ ಯಾರಿಗೋ ಭಾವನೆಗೆ ಧಕ್ಕೆಯಾಗುವುದನ್ನು ಇವತ್ತಿಗೂ ನೋಡ್ತಾ ಇದ್ದೀವಿ.

ದಕ್ಷಿಣ ಆಫ್ರಿಕದ ಸಂವಿಧಾನ ನ್ಯಾಯಾಲಯ 2021ರಲ್ಲಿ ಈ ಗಂಟನ್ನು ಬಿಡಿಸಲು ಕೈಹಾಕಿತು. ಬರೀ ಮನಸ್ಸು ನೋಯಿಸಿತು ಅನ್ನುವುದು ದ್ವೇಷದ ಮಾತಿಗೆ ಅಳತೆಯಾಗದು ಅಂತ ಕಾನೂನಿನ ಆ ಭಾಗವನ್ನು ತೆಗೆದುಹಾಕಿತು. ಅಂದವನು ಒಳಗೆ ಏನೆಂದುಕೊಂಡ ಅನ್ನುವುದೂ ಅಳತೆಯಲ್ಲ. ವಿವೇಕವುಳ್ಳ ಓದುಗ ಅದನ್ನು ಹೇಗೆ ಓದಿಯಾನು ಅನ್ನುವುದೇ ಅಳತೆ ಅಂದಿತು. ನಮ್ಮ ಪ್ರಶ್ನೆ ಇಷ್ಟೆ: ಆ ವಿವೇಕವುಳ್ಳ ಓದುಗ ಎಲ್ಲಿ ವಾಸ ಮಾಡ್ತಾನೆ? ಅಗ್ರಹಾರದಲ್ಲೋ, ಕೇರಿಯಲ್ಲೋ? ಯಾವ ಮಾತು ಯಾವ ಚರಿತ್ರೆಯಿಂದ ಬಂತು, ಮೇಲಿನವರಿಂದ ಕೆಳಗಿನವರ ಮೇಲೆ ಬಿತ್ತೋ ಕೆಳಗಿನವರಿಂದ ಮೇಲಿನವರಿಗೆ ಹೋಯಿತೋ, ಬಿದ್ದ ಮೇಲೆ ಯಾರ ಬದುಕು ಕುಗ್ಗಿತು, ಇಷ್ಟನ್ನು ನೋಡಿ ಓದುವವನೇ ವಿವೇಕಿ. ಬೂಸಾ ಅಂದದ್ದರಿಂದ ಯಾವ ಪಂಡಿತನ ಮಗುವನ್ನೂ ಯಾರೂ ಕೆರೆಯಿಂದ ಓಡಿಸಲಿಲ್ಲ.

ಆ ಚಿತ್ರವನ್ನು ಅಂಗಡಿಗೆ ಏರಿಸುವ ಮೊದಲು ಕಂಪನಿಯಲ್ಲಿ ಎಷ್ಟೋ ಕಣ್ಣು ಹಾಯ್ದಿರಬೇಕು. ಒಂದಕ್ಕೂ ಚುಚ್ಚಲಿಲ್ಲವೋ, ಚುಚ್ಚಿದವರಿಗೆ ಬಾಯಿ ಬಿಡುವ ಧೈರ್ಯ ಇರಲಿಲ್ಲವೋ. ಕಂಪನಿ ಕಂಡುಕೊಂಡ ಪರಿಹಾರ, ಎಲ್ಲ ಬಗೆಯ ಜನರನ್ನು ಒಳಗೊಳ್ಳುವ ವಿಷಯ ನೋಡಿಕೊಳ್ಳಲು ಒಬ್ಬ ಅಧಿಕಾರಿಯನ್ನು ನೇಮಿಸಿದ್ದು. ಅಧಿಕಾರಿ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಇದೇ ಕಂಪನಿಯ ಇನ್ನೊಂದು ಕಥೆ ನಮಗೆ ಹತ್ತಿರದ್ದು.

2021ರ ಜನವರಿಯಲ್ಲಿ ತಮಿಳುನಾಡಿನ ದಿಂಡಿಗಲ್ ಬಳಿ, ಈ ಕಂಪನಿಗೆ ಬಟ್ಟೆ ಹೊಲಿದುಕೊಡುತ್ತಿದ್ದ ಕಾರ್ಖಾನೆಯ ದಲಿತ ಯುವತಿಯೊಬ್ಬಳ ಕೊಲೆಯಾಯಿತು. ಬಂಧನವಾದದ್ದು ಅವಳ ಮೇಲ್ವಿಚಾರಕನದು. ಅಲ್ಲಿನ ಹೆಣ್ಣುಮಕ್ಕಳು ಆಮೇಲೆ ತಾವು ದಿನವೂ ಕೇಳುತ್ತಿದ್ದ ಮಾತು, ಸಹಿಸುತ್ತಿದ್ದ ಕೈ, ಎಲ್ಲವನ್ನೂ ಹೇಳಿದರು. ದಲಿತ ಹೆಂಗಸರೇ ಮುಂದೆ ನಿಂತು ನಡೆಸುವ ಕಾರ್ಮಿಕ ಸಂಘ ಹೋರಾಡಿ, 2022ರ ಏಪ್ರಿಲ್‌ನಲ್ಲಿ ಕಾರ್ಖಾನೆಯ ಮಾಲೀಕರಿಂದಲೂ ಈ ಕಂಪನಿಯಿಂದಲೂ ಒಪ್ಪಂದಕ್ಕೆ ಸಹಿ ಹಾಕಿಸಿತು. ಅದರ ಪ್ರಕಾರ ಹೊಲಿಗೆಯ ಸಾಲಿನಲ್ಲೇ ಕೂತ ಕೆಲಸಗಾರ ಹೆಣ್ಣುಮಕ್ಕಳು ತರಬೇತಿ ಪಡೆದು, ಅವಮಾನ, ಕಿರುಕುಳ ಕಂಡಲ್ಲಿ ಗುರುತಿಸಿ ದೂರು ಎತ್ತುವ ಕಾವಲುಗಾರರಾದರು. ವಿಚಾರಣೆ ಕಾರ್ಖಾನೆಯ ಹಿಡಿತದಿಂದ ಹೊರಗಿನವರದು.

ಕೋಲು ಯಾರ ಕೈಯಲ್ಲಿ ಅನ್ನುವ ಪ್ರಶ್ನೆಗೆ ನಾವು ಕಂಡ ಉತ್ತರಗಳಲ್ಲಿ ಇದು ಗಟ್ಟಿಯಾದದ್ದು. ಅದನ್ನು ಯಾರೂ ಕರೆದು ಕೊಡಲಿಲ್ಲ, ಆ ಹೆಣ್ಣುಮಕ್ಕಳು ಕಿತ್ತುಕೊಂಡರು. ಮೇಷ್ಟ್ರುಗಳಲ್ಲಿ ನಾವು ಕೇಳುವುದು ಒಂದೇ: ನಾಳೆ ತರಗತಿಯಲ್ಲಿ ಒಂದು ಮಗು ಇನ್ನೊಂದನ್ನು ಏನೋ ಅಂದು, ಎಲ್ಲರೂ ನಕ್ಕರೆ, ನಗದೆ ಕೂತ ಮಗುವನ್ನು ಮೊದಲು ಕೇಳಿ. "ತಮಾಷೆಗೆ ಅಂದೆ ಸಾ" ಅನ್ನುವವನ ಮಾತು ಆಮೇಲೆ ಕೇಳಿದರಾಯಿತು.