ತಾಮ್ರಕ್ಕೊಂದು ಜೊತೆ, ಕಾಕಂಬಿಗೊಂದು ಲೆಕ್ಕ

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಸೆಬಾಸ್ಟಿಯನ್ ಪೀಟರ್ ಅವರ ತಂಡ 2022ರಲ್ಲಿ ಒಂದು ಪ್ರಬಂಧ ಪ್ರಕಟಿಸಿತು. ತಾಮ್ರಕ್ಕೆ ಗ್ಯಾಲಿಯಂ ಬೆರೆಸಿದ ವಿದ್ಯುದ್ವಾರದ ಮೇಲೆ ಇಂಗಾಲದ ಡೈಆಕ್ಸೈಡು ಮೆಥನಾಲ್ ಆಗುತ್ತದೆ. ಹರಿದ ವಿದ್ಯುತ್ತಿನಲ್ಲಿ ಸುಮಾರು ಶೇ 77 ಪಾಲು ಮೆಥನಾಲಿಗೇ ಸಲ್ಲುತ್ತದೆ, ಅದೂ ಬಹಳ ಕಡಿಮೆ ವೋಲ್ಟೇಜಿನಲ್ಲಿ.

ಇದರ ಬೆಲೆ ತಿಳಿಯಲು ತಾಮ್ರದ ಸ್ವಭಾವ ಗೊತ್ತಿರಬೇಕು. ಜಪಾನಿನ ಯೋಶಿಯೊ ಹೋರಿ 1980ರ ದಶಕದಲ್ಲೇ ಇಂಗಾಲದ ಡೈಆಕ್ಸೈಡಿನ ಮೇಲೆ ಒಂದೊಂದು ಲೋಹವನ್ನೂ ಪರೀಕ್ಷಿಸಿದ್ದರು. ತವರ ಫಾರ್ಮೇಟಿಗೆ ನಿಲ್ಲುತ್ತದೆ, ಬೆಳ್ಳಿ ಕಾರ್ಬನ್ ಮಾನಾಕ್ಸೈಡಿಗೆ. ಮುಂದೆ ಹೋಗಬಲ್ಲದ್ದು ತಾಮ್ರ. ಆದರೆ ಅದು ಮೀಥೇನ್, ಎಥಿಲೀನ್, ಎಥನಾಲ್, ಹೈಡ್ರೋಜನ್ ಎಲ್ಲವನ್ನೂ ಒಟ್ಟಿಗೇ ಕೊಡುತ್ತದೆ, ಸಂತೆಯ ಕೊನೆಯಲ್ಲಿ ಉಳಿದ ತರಕಾರಿಯನ್ನೆಲ್ಲ ಒಂದೇ ಚೀಲಕ್ಕೆ ಸುರಿದಂತೆ. ಎರಡನೆಯ ಲೋಹ ಬರುವುದು ಈ ಚೆಲ್ಲಾಪಿಲ್ಲಿಯನ್ನು ತಡೆಯಲು. ಜಕ್ಕೂರಿನವರು ಕಂಡಾಬಟ್ಟೆ ಬೆರೆಸಲಿಲ್ಲ. ಪರಮಾಣುಗಳು ಗೊತ್ತಾದ ಕ್ರಮದಲ್ಲಿ ಕೂತ ಎರಡು ಸಂಯುಕ್ತಗಳನ್ನು ಹೋಲಿಸಿ, ಮೇಲ್ಮೈಯ ಆಕ್ಸೈಡ್ ಪದರದ ಪಾತ್ರವನ್ನು ಹುಡುಕಿದರು. ಈ ಶಿಸ್ತೇ ನನಗೆ ಶೇಕಡಾವಾರಿಗಿಂತ ದೊಡ್ಡದಾಗಿ ಕಾಣುತ್ತದೆ.

ಈಗ ಇದನ್ನು ಮಂಡ್ಯಕ್ಕೆ ತರೋಣ. 1933ರಿಂದ ಸಕ್ಕರೆ ಕಾರ್ಖಾನೆ ಕಂಡ ಊರು; ಮದ್ದೂರು ತಾಲ್ಲೂಕಿನ ಕೊಪ್ಪ, ಕೆ.ಎಂ.ದೊಡ್ಡಿಗಳಲ್ಲೂ ಕಬ್ಬು ಅರೆಯುತ್ತಾರೆ. ಕಾಕಂಬಿ ಹುದುಗಿ ಒಂದು ಲೀಟರ್ ಎಥನಾಲ್ ಆಗುವಾಗ ಮುಕ್ಕಾಲು ಕೆ.ಜಿ.ಯಷ್ಟು ಇಂಗಾಲದ ಡೈಆಕ್ಸೈಡು ಹೊರಬರುತ್ತದೆ. ಕಲ್ಲಿದ್ದಲ ಹೊಗೆಯಂತೆ ಸಾರಜನಕದಲ್ಲಿ ಕರಗಿಹೋಗಿರುವುದಲ್ಲ, ಹೆಚ್ಚುಕಡಿಮೆ ಶುದ್ಧ ಅನಿಲ. ಕಚ್ಚಾವಸ್ತುವಿಗೆ ಇದಕ್ಕಿಂತ ಒಳ್ಳೆಯ ಜಾಗ ಹುಡುಕುವುದು ಕಷ್ಟ.

ತೊಡಕಿರುವುದು ಕರೆಂಟಿನಲ್ಲಿ. ಒಂದು ಕೆ.ಜಿ. ಮೆಥನಾಲಿಗೆ 1.4 ಕೆ.ಜಿ.ಯಷ್ಟು ಇಂಗಾಲದ ಡೈಆಕ್ಸೈಡು ಸಾಕು. ಆದರೆ ಒಂದಿಷ್ಟೂ ಪೋಲಾಗದಿದ್ದರೂ ಬೇಕಾಗುವ ವಿದ್ಯುತ್ತು ಸುಮಾರು 6 ಯೂನಿಟ್. ನಮ್ಮ ಗ್ರಿಡ್ಡಿನ ಒಂದು ಯೂನಿಟ್ಟಿನ ಹಿಂದೆ ಸರಾಸರಿ 0.7 ಕೆ.ಜಿ. ಇಂಗಾಲದ ಡೈಆಕ್ಸೈಡು ಇದೆ. ಅಂದರೆ 1.4 ಕೆ.ಜಿ. ಹಿಡಿಯಲು 4 ಕೆ.ಜಿ.ಗೂ ಹೆಚ್ಚು ಬಿಟ್ಟಂತಾಯಿತು. ಇಂಥ ಪ್ರಬಂಧಗಳನ್ನು ಹೊಗಳುವ ಪತ್ರಿಕಾ ಬರಹಗಳು ಈ ಗುಣಾಕಾರ ಮಾಡುವುದೇ ಅಪರೂಪ.

ಮಳವಳ್ಳಿ ತಾಲ್ಲೂಕಿನಲ್ಲೇ ಶಿವನಸಮುದ್ರ ಇದೆಯಲ್ಲ, 1902ರಿಂದ ನೀರಿನ ಕರೆಂಟು ಕೊಡುತ್ತಿದೆಯಲ್ಲ ಎನ್ನಬಹುದು. ಅದು ಈಗಾಗಲೇ ಯಾರದೋ ಮನೆಯ ದೀಪ, ಯಾರದೋ ಪಂಪ್‌ಸೆಟ್ಟು. ಇತ್ತ ತಿರುಗಿಸಿದರೆ ಆ ಕೊರತೆಯನ್ನು ರಾಯಚೂರಿನ ಕಲ್ಲಿದ್ದಲು ತುಂಬುತ್ತದೆ. ಕಾರ್ಖಾನೆಗಳು ಕಬ್ಬಿನ ಸಿಪ್ಪೆ (ಬಗಾಸೆ) ಉರಿಸಿ ಮಾಡುವ ವಿದ್ಯುತ್ತಿನ ಕಥೆಯೂ ಅದೇ.

ಉಳಿಯುವುದು ಬೇರೆ ಗಿರಾಕಿಯಿಲ್ಲದ ನಡುಹಗಲಿನ ಸೌರ ವಿದ್ಯುತ್ತು. ಅದನ್ನು ನಂಬಿದರೆ ಯಂತ್ರ ದಿನವೂ ಹೊತ್ತಿ ಆರಬೇಕು. ವಿದ್ಯುತ್ತು ನಿಂತೊಡನೆ ತಾಮ್ರಕ್ಕಿದ್ದ ರಕ್ಷಣೆಯೂ ಹೋಗಿ ಅದು ದ್ರಾವಣಕ್ಕೆ ಕರಗತೊಡಗುತ್ತದೆ. ಜೋಡಿ ಲೋಹಗಳಲ್ಲಿ ಒಂದು ಮೊದಲು ಕರಗಿದರೆ ಅಷ್ಟು ಜತನದಿಂದ ಕಟ್ಟಿದ ಕ್ರಮವೇ ಉಳಿಯದು. ಹಾಗಾಗಿ ಮುಂದಿನ ಪ್ರಬಂಧದಲ್ಲಿ ನಾನು ಮೊದಲು ಹುಡುಕುವುದು ಶೇ 77 ಶೇ 90 ಆಯಿತೇ ಎಂಬುದನ್ನಲ್ಲ. ಸಿಲಿಂಡರಿನ ಅನಿಲದ ಬದಲು ಹುದುಗು ತೊಟ್ಟಿಯ ಅನಿಲ ಕೊಟ್ಟು, ನೂರು ಸಲ ಸ್ವಿಚ್ ಆರಿಸಿ ಹಾಕಿದ ಮೇಲೆ ಎಷ್ಟು ಗ್ಯಾಲಿಯಂ ಉಳಿದಿದೆ ಎಂಬ ಕೋಷ್ಟಕವನ್ನು.